ಹಸಿರು ಖಣ

ಮನೆ ಮಾರುವುದು ಅಂಥ ಕಷ್ಟದ ಕೆಲಸವೇನಲ್ಲ. ಬಂದ ಗಿರಾಕಿಗೆ ಮನೆ ತೋರಿಸುವ ಕೆಲಸವನ್ನು ಮಾತ್ರ ಹೆಂಡತಿಗೆ ಒಪ್ಪಿಸಬಾರದು. ರಾವಸಾಹೇಬರಿಗೆ ಈ ಬುದ್ಧಿ ಬರುವ ಹೊತ್ತಿಗೆ ಶ್ರಾವಣ ಅರ್ಧ ಕಳೆದಿತ್ತು. ಬಂದ ಗಿರಾಕಿಗಳೆಲ್ಲ ಚಹಾ ಕುಡಿದು, ಹಣೆ ಸವರಿಕೊಂಡು, ಬಂದ ದಾರಿ ಹಿಡಿದಿದ್ದರು.

ಹಣೆ ಸವರಿಕೊಳ್ಳಲು ಕಾರಣ ಬಾಗಿಲು. ಆ ಮನೆಯ ಬಾಗಿಲು ಗಿಡ್ಡ. ಎಂಥ ದೊಡ್ಡ ಮನುಷ್ಯನೂ ತಲೆ ಬಾಗಿಸಿ ಒಳಗೆ ಬರಬೇಕು. ಬಾಗಿಸದಿದ್ದರೆ ಸಾಗವಾನಿ ಚೌಕಟ್ಟು ತಾನೇ ಬುದ್ಧಿ ಕಲಿಸುತ್ತದೆ. ಅಥಣಿಯಿಂದ ಕೊಕಟನೂರಿನ ಕಡೆಗೆ ಹೊರಟು, ಕಾಲುವೆ ದಾಟಿದ ಮೇಲೆ ಬಲಕ್ಕೆ ಮಣ್ಣಿನ ದಾರಿ ಹಿಡಿದರೆ ಅದರ ತುದಿಗೆ ಈ ತೋಟದ ಮನೆ. ಕರಿಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಹತ್ತು ಜನ ಕಾಲು ಚಾಚಿ ಮಲಗುವಷ್ಟು ಕಟ್ಟೆ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಬಾವಿಗೆ ಇಳಿದಷ್ಟು ತಂಪು. ಸುತ್ತಲೂ ತೋಟ. ಮಾವು, ಚಿಕ್ಕು, ಪೇರಲ, ಲಿಂಬೆ, ಪಾರಿಜಾತ, ದುಂಡುಮಲ್ಲಿಗೆ, ಅಬ್ಬಲಿಗೆ, ಹಿತ್ತಲ ಕಡೆಗೆ ಚೊಗಚಿ ಗಿಡಗಳಿಗೆ ಹಬ್ಬಿಸಿದ ವೀಳ್ಯದ ಎಲೆಬಳ್ಳಿ.

ಇದಿಷ್ಟನ್ನೂ ಏಜೆಂಟ ಹಾಲೇಶ ತನ್ನ ಮೊಬೈಲಿನಲ್ಲಿ ಒಂದೇ ಸಾಲಿಗೆ ಇಳಿಸಿ ಊರೂರಿಗೆ ಕಳಿಸಿದ್ದ: 'ಹಳೇ ಕಾಲದ ಮಜಬೂತ ಮನಿ, ದೊಡ್ಡ ತೋಟ, ಸಿಹಿನೀರ ಬಾವಿ, ರೋಡಿಗೆ ಹತ್ತರ.'

ಅದನ್ನು ಓದಿಸಿ ಕೇಳಿದ ರಾವಸಾಹೇಬರ ಹೆಂಡತಿ ಗೌರಾಬಾಯಿಗೆ ಸಿಟ್ಟು ಬಂತು. "ದೊಡ್ಡ ತೋಟ ಅಂದ್ರ ಏನೋ? ಜಾಲಿ ಬೆಳದಿದ್ರೂ ದೊಡ್ಡ ತೋಟನ. ಪಾರಿಜಾತ ಎಲ್ಲಿ ಹೋತು? ಅಬ್ಬಲಿ ಎಲ್ಲಿ ಹೋತು?"

"ಅಕ್ಕಾರ, ಗಿರಾಕಿ ಹೂವ ಕೇಳಂಗಿಲ್ರಿ. ರೋಡ್ ಎಷ್ಟ ದೂರ ಅಂತ ಕೇಳ್ತಾರ," ಎಂದ ಹಾಲೇಶ.

ಮನೆ ಮಾರುವುದಕ್ಕೆ ಸಾಲ ಸೋಲ ಕಾರಣವಲ್ಲ. ದೇವರು ಕೈ ತುಂಬ ಕೊಟ್ಟಿದ್ದ. ತೆಲಸಂಗದಲ್ಲಿ ದ್ರಾಕ್ಷಿ ಹೊಲ, ಹೊಲದಲ್ಲೇ ಮಗ ದುಂಡೇಶ ಕಟ್ಟಿಸಿದ ಆರ್‌ಸಿಸಿ ಮನೆ. ಈಗ ಒಣದ್ರಾಕ್ಷಿಗೆ ದೊಡ್ಡ ಶೆಡ್ ಹಾಕಬೇಕೆಂದು ಅಪ್ಪ ಮಗ ಕೂಡಿ ಲೆಕ್ಕ ಹಾಕಿದ್ದರು. ಎರಡು ಕಡೆ ಸಂಸಾರ ತೂಗಿಸಿ ಅವರಿಗೂ ಸಾಕಾಗಿತ್ತು. ಗೌರಾಬಾಯಿ ಅಲ್ಲಿ ಮೊಮ್ಮಕ್ಕಳ ಜೊತೆ ಸುಖವಾಗಿಯೇ ಇದ್ದಳು. ಆದರೂ ವಾರಕ್ಕೊಮ್ಮೆ ಬಸ್ಸು ಹಿಡಿದು ಈ ತೋಟಕ್ಕೆ ಬಂದು, ಕಟ್ಟೆ ಬಳಿದು, ಗಿಡಗಳ ಬುಡ ಕೆದರಿ, ಎರಡು ದಿನ ಇದ್ದು ಹೋಗುತ್ತಿದ್ದಳು. ಮಾರಾಟದ ಮಾತು ಬಂದಾಗ ಬೇಡವೆನ್ನಲಿಲ್ಲ. ಒಂದೇ ಒಂದು ಮಾತು ಕೇಳಿದ್ದಳು.

"ಮಾರ್ರಿ. ಆದ್ರ ಯಾರಿಗೆ ಅನ್ನೂದ ನಾ ಹೇಳ್ತೀನಿ."

ಹೆಂಡತಿ ಇಷ್ಟು ಸಲೀಸಾಗಿ ಒಪ್ಪಿದಳಲ್ಲ ಎಂಬ ಖುಷಿಯಲ್ಲಿ ರಾವಸಾಹೇಬರು ಹೂಂ ಅಂದುಬಿಟ್ಟರು. ಗಂಡಸರು ಸಿಕ್ಕಿಬೀಳುವುದೇ ಇಂಥ ಹೂಂಗಳಲ್ಲಿ.

ಆಕೆ ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಗೌರಾಬಾಯಿಯ ತವರು ಕಾಗವಾಡ. ತಾಯಿ ತೀರಿದ ಮೇಲೆ ಅಣ್ಣಂದಿರು ಆ ಮನೆಯನ್ನು ಮಾರಿದರು. ಮಾರಿದ್ದನ್ನು ಆಕೆಗೆ ಯಾರೂ ಹೇಳಲಿಲ್ಲ. ಯಾರದೋ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತಾಗ ಪಕ್ಕದವಳ ಬಾಯಿಂದ ತಿಳಿಯಿತು. ಮುಂದೊಮ್ಮೆ ಬಸ್ಸಿನ ಕಿಟಕಿಯಿಂದ ನೋಡಿದಾಗ ತುಳಸಿಕಟ್ಟೆ ಇದ್ದ ಜಾಗದಲ್ಲಿ ಶಟರ್ ಎದ್ದಿತ್ತು. ಅವ್ವ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದ ಪಡಸಾಲೆಯಲ್ಲಿ ಯಾರೋ ಗಾಡಿಗೆ ಗ್ರೀಸು ಹಚ್ಚುತ್ತಿದ್ದ. ಆವತ್ತು ಮಿರಜಿಗೆ ಹೋಗಬೇಕಾದವಳು ಮುಂದಿನ ಸ್ಟಾಪಿನಲ್ಲೇ ಇಳಿದು, ತಿರುಗಿ ಬರುವ ಬಸ್ಸು ಹತ್ತಿದ್ದಳು. ತವರಿಲ್ಲದವಳಿಗೆ ಈ ತೋಟವೇ ತವರಾಯಿತು. ಆಕೆ ಮದುವೆಯಾಗಿ ಬಂದಾಗ ಇಲ್ಲಿ ಇದ್ದದ್ದು ಮಾವು ಮತ್ತು ಬಾವಿ ಎರಡೇ. ಉಳಿದ ಜಾಗದಲ್ಲಿ ಕಬ್ಬಿನ ಗಾಡಿಗಳು ನಿಲ್ಲುತ್ತಿದ್ದವು. "ಗಾಡಿ ಹಿಂದಕ್ಕ ಸರಸ್ರೋ, ನಮ್ಮ ಸೊಸಿ ಹೂವಿನ ಗಿಡ ಹಚ್ಚತಾಳಂತ," ಎಂದು ಅತ್ತೆ ಗಂಡಸರನ್ನು ಗದರಿದ ದಿನ ಗೌರಾಬಾಯಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ಅತ್ತೆಯಂಥ ಅತ್ತೆ ಯಾರಿಗೂ ಸಿಗಲಿಕ್ಕಿಲ್ಲ.

ಅಂಥ ತೋಟ ಯಾರ ಕೈಗೆ ಹೋಗುತ್ತದೆ ಎಂಬುದೊಂದೇ ಆಕೆಯ ಚಿಂತೆ. ಚಿಕ್ಕೋಡಿಯಿಂದ ಬಂದವನು ತೋಟದ ತುಂಬ ಹೆಜ್ಜೆ ಹಾಕಿ, ಎಷ್ಟು ಪ್ಲಾಟು ಬೀಳುತ್ತವೆ ಎಂದು ಬೆರಳು ಮಡಚಿದ. ಆಕೆ ಅವನಿಗೆ ಚಹಾ ಕೊಟ್ಟು, "ಹಾವು ಭಾಳ ಅದಾವ ನೋಡ್ರಿ, ಬರೇ ನಾಗರ," ಎಂದಳು. ರಾಯಬಾಗದವನಿಗೆ ಬಾವಿ ಬೇಸಿಗೆಗೆ ಬತ್ತುತ್ತದೆ ಎಂದಳು. ಈ ಬಾವಿ ಬತ್ತಿದ್ದನ್ನು ಅವಳ ಅತ್ತೆಯೂ ನೋಡಿರಲಿಲ್ಲ.

ನಿಪ್ಪಾಣಿಯ ಅಮೋಲ ಮಾತ್ರ ಹಾವಿಗೂ ಹೆದರಲಿಲ್ಲ, ಬಾವಿಗೂ ಹೆದರಲಿಲ್ಲ. ಅವನಿಗೆ ಅಲ್ಲಿ ಫ್ಯಾಮಿಲಿ ಧಾಬಾ ಹಾಕಬೇಕಿತ್ತು. "ಕಾಕೂ, ಜಾಗಾ ಏಕದಮ್ ಝಕಾಸ್ ಐತಿ! ಈ ಆಂಬ್ಯಾ, ಮಾವಿನ ಗಿಡ, ಒಂದ ಇಡೂನು, ಅದರ ಕೆಳಗ ಟೇಬಲ್. ಬಾಕೀದ ಎಲ್ಲಾ ಸಾಫ್ ಮಾಡಿದ್ರ ಲಾರಿ ನಿಂದ್ರಾಕ ಜಾಗಾ ಆಕ್ಕತಿ," ಎಂದ. ಹುಡುಗ ಕೆಟ್ಟವನೇನಲ್ಲ, ನಗುಮುಖದವನು. ಆದರೆ 'ಸಾಫ್' ಎನ್ನುವಾಗ ಅವನು ಕೈ ಬೀಸಿದ್ದು ಸರಿಯಾಗಿ ಪಾರಿಜಾತದ ಕಡೆಗೆ.

ಹಾಲೇಶ ಎಲ್ಲವನ್ನೂ ಹೋಗಿ ರಾವಸಾಹೇಬರ ಕಿವಿಗೆ ಹಾಕಿದ. ಅವರು ತೆಲಸಂಗದಿಂದ ಬಂದವರೇ ಕಟ್ಟೆಯ ಮೇಲೆ ಕೂತು ಕೇಳಿದರು: "ಗೌರಾ, ನೀ ಮನಿ ಮಾರಾಕತ್ತೀಯೋ, ಮಗಳಿಗೆ ವರಾ ನೋಡಾಕತ್ತೀಯೋ?"

"ಮಗಳಿದ್ರ ಹಿಂಗ ನೋಡ್ತಿದ್ನೆಲ್ಲ," ಎಂದಳು.

ರಾವಸಾಹೇಬರು ಚಪ್ಪಲಿಗೆ ಕಾಲು ತೂರಿಸಿದರು. ಅವರಿಗೆ ಹೆಣ್ಣುಮಕ್ಕಳಿರಲಿಲ್ಲ. ಆ ಮಾತು ಬಂದಾಗಲೆಲ್ಲ ಅವರು ಹೀಗೆಯೇ ಎದ್ದುಬಿಡುತ್ತಿದ್ದರು. ಆದರೆ ಎದ್ದು ಹೋಗುವಾಗ ಕಡ್ಡಿ ಮುರಿದಂತೆ ಹೇಳಿಯೇ ಹೋದರು: "ದಸರಾತನಾ ನೋಡ್ತೀನಿ. ಅಷ್ಟರಾಗ ನಿನಗ ಒಪ್ಪೂವಂಥವ್ರು ಬಂದ್ರ ಬರ್ಲಿ. ಇಲ್ಲಾಂದ್ರ ಅಮೋಲಗ ಕೊಡೂದ. ಹೂಂ ಅಂದಿದ್ರೆಲ್ಲ ಅಂತ ಆಮ್ಯಾಲ ಅಳಬ್ಯಾಡ."

ಹೊಸ ಗಿರಾಕಿ ಲಖನ ಬಂದದ್ದು ಶ್ರಾವಣದ ಕೊನೆಯ ಶುಕ್ರವಾರ. ಜೊತೆಗೆ ತಾಯಿ ಸತ್ತೆವ್ವ, ಹೆಂಡತಿ ಭಾಗ್ಯಾ. ಕೊಕಟನೂರಿನ ಹತ್ತಿರದ ಕುರಿ ಸಾಕುವ ಮನೆತನ. ಲಖನ ಮಾತ್ರ ಕುರಿ ಬಿಟ್ಟು ಜೆಸಿಬಿ ಹಿಡಿದು ಮೇಲೆ ಬಂದಿದ್ದ. ಜೆಸಿಬಿ ಎಂಬ ಮಾತು ಕೇಳಿದ್ದೇ ತಡ, ಗೌರಾಬಾಯಿ ಮನಸ್ಸಿನಲ್ಲೇ ನಾಗರಹಾವುಗಳ ಸಂಖ್ಯೆಯನ್ನು ದುಪ್ಪಟ್ಟು ಮಾಡಿಕೊಂಡಳು.

ಹಾವಿನ ಮಾತು ಹೊರಡಲೇ ಇಲ್ಲ. ತೋಟ ನೋಡುತ್ತ ಹೋದವರು ಎಲೆಬಳ್ಳಿಯ ಹತ್ತಿರ ಬಂದಾಗ ಭಾಗ್ಯಾ ತಟ್ಟನೆ ನಿಂತಳು. ಬಾಗಲು ಅವಳಿಗೆ ಸ್ವಲ್ಪ ತ್ರಾಸಾಯಿತು, ಗೋಡೆ ಹಿಡಿದು ಒಂದೊಂದೇ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಬಳ್ಳಿಯ ಸಾಲಿನೊಳಗೆ ಹೋದಳು. ಎಲೆಬಳ್ಳಿಯೊಳಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು ಎಂಬುದು ಹಳೆಯ ಜನ ಪಾಲಿಸಿಕೊಂಡು ಬಂದ ಪದ್ಧತಿ. ಈ ಮೊದಲು ಬಂದ ಒಬ್ಬ ಗಿರಾಕಿಗೂ ಅದು ನೆನಪಾಗಿರಲಿಲ್ಲ.

"ಯಾರ ಹೇಳಿಕೊಟ್ರವ್ವ ನಿನಗ?"

"ನಮ್ಮವ್ವ ಎಲಿ ತ್ವಾಟದಾಗ ದುಡ್ಯಾಕ ಹೋಕ್ಕಿದ್ಳರಿ," ಎಂದಳು ಭಾಗ್ಯಾ. "ಸಣ್ಣಾಕಿದ್ದಾಗ ನಾನೂ ಬೆನ್ನ ಹತ್ತಿ ಹೋಗ್ತಿದ್ದೆ. ಈಗ ಅವ್ವ ಇಲ್ಲರಿ."

ಸತ್ತೆವ್ವ ಇಡೀ ತೋಟವನ್ನು ಹಳೆಯ ನೆಂಟರನ್ನು ನೋಡುವಂತೆ ನೋಡುತ್ತಿದ್ದಳು. "ಬಾಯಾರ, ನಿಮಗ ನೆನಪಿಲ್ಲ. ನಿಮ್ಮ ಅತ್ತಿ ಇದ್ದಾಗ ಈ ಹೊಲದಾಗ ನಮ್ಮ ಕುರಿ ನಿಂದ್ರಸ್ತಿದ್ವಿ, ಗೊಬ್ಬರಕ್ಕ. ಬೇಲಿ ಆಚಿಂದ ಈ ಮನಿ ನೋಡೇನಿ. ಒಳಗ ಕಾಲಿಟ್ಟದ್ದ ಇವತ್ತ." ಹಾಗೆನ್ನುತ್ತ ಗಿಡ್ಡ ಬಾಗಿಲಲ್ಲಿ ಹಣೆ ಬಡಿಸಿಕೊಳ್ಳದೆ ಒಳಗೆ ಬಂದಳು. ಗುಡಿಸಲಿನಲ್ಲಿ ಬಾಳಿದವರಿಗೆ ತಲೆ ಬಾಗಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

"ದಿನಾ ಬೆಳಗಾದ್ರ ಕೆಡವೂದು, ಅಗಿಯೂದು ಇದ ಆಗೇತ್ರಿ," ಎಂದ ಲಖನ, ಮಾವಿನ ಕೆಳಗೆ ನಿಂತು ಮೇಲೆ ನೋಡುತ್ತ. "ಸಂಜೀಕ ಬಂದ ಕುಂಡ್ರಾಕ ಕೆಡವಲಾರದ್ದೊಂದು ಜಾಗಾ ಬೇಕಾಗಿತ್ತ್ರಿ."

ಗೌರಾಬಾಯಿಗೆ ಮನೆ ತೋರಿಸುವ ಉಮೇದಿ ಬಂದದ್ದು ಆಗ. ಯಾವ ಕೋಣೆಯಲ್ಲಿ ದುಂಡೇಶ ಹುಟ್ಟಿದ, ಯಾವ ಗೂಡಿನಲ್ಲಿ ಅತ್ತೆ ಎಲೆ ಅಡಿಕೆಯ ಸಂಚಿ ಇಡುತ್ತಿದ್ದಳು, ಮಾವಿನ ಯಾವ ಕೊಂಬೆಗೆ ಪಂಚಮಿ ಜೋಕಾಲಿ ಕಟ್ಟುತ್ತಿದ್ದರು, ಎಲ್ಲವನ್ನೂ ಹೇಳಿದಳು. ಕಟ್ಟೆಯ ಈ ಮೂಲೆಯಲ್ಲಿ ಬೆಳದಿಂಗಳಲ್ಲಿ ಕೂತು ಹತ್ತು ಹದಿನೈದು ಹೆಂಗಸರು ಶಾವಿಗೆ ಹೊಸೆಯುತ್ತಿದ್ದದ್ದು, ಅವರ ಹಾಡಿಗೆ ಒಳಗೆ ಮಲಗಿದ್ದ ಮಾವ "ಮಲಗಗೊಡ್ರೇ" ಎಂದು ಕೂಗುತ್ತಿದ್ದದ್ದು, ಕೂಗಿದಷ್ಟೂ ಅವರು ದನಿ ಏರಿಸುತ್ತಿದ್ದದ್ದು. ಆ ಹೆಂಗಸರಲ್ಲಿ ಈಗ ಉಳಿದವಳು ಇವಳೊಬ್ಬಳೇ. ಭಾಗ್ಯಾ ಮಾತ್ರ ಕಣ್ಣರಳಿಸಿ, "ಆಮ್ಯಾಲ್ರಿ?" "ಆಮ್ಯಾಲ್ರಿ?" ಎನ್ನುತ್ತಲೇ ಇದ್ದಳು. ಇಷ್ಟು ವರ್ಷಗಳಲ್ಲಿ ಗೌರಾಬಾಯಿಯನ್ನು ಯಾರೂ ಆಮೇಲೆ ಏನಾಯಿತೆಂದು ಕೇಳಿರಲಿಲ್ಲ.

ಹೊರಡುವ ಹೊತ್ತಾಯಿತು. ಮುತ್ತೈದೆ ಮೊದಲ ಸಲ ಮನೆಗೆ ಬಂದಿದ್ದಾಳೆ, ಅದರಲ್ಲೂ ಶುಕ್ರವಾರ; ಹಾಗೇ ಕಳಿಸುವುದುಂಟೇ? ಗೌರಾಬಾಯಿ ಭಾಗ್ಯಾಳನ್ನು ಮಣೆಯ ಮೇಲೆ ಕೂಡಿಸಿ ಕುಂಕುಮ ಹಚ್ಚಿದಳು. ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ತೋಟದ್ದೇ ಎಲೆ. ಮೇಲಿಡಲು ಒಂದು ಖಣ, ರವಿಕೆಯ ಬಟ್ಟೆ, ಬೇಕು. ಒಳಗೆ ಹೋಗಿ ಟ್ರಂಕು ತೆರೆದು ತಂದಳು. ಹಸಿರು ಖಣ.

ಸೆರಗೊಡ್ಡಿ ಉಡಿ ತುಂಬಿಸಿಕೊಳ್ಳುವಾಗ ಭಾಗ್ಯಾ ಒಮ್ಮೆಲೇ ಅತ್ತುಬಿಟ್ಟಳು. ಸತ್ತೆವ್ವ ಖಣವನ್ನು ನೋಡಿದಳು, ಗೌರಾಬಾಯಿಯ ಮುಖ ನೋಡಿದಳು. ಅವರು ಹೋದ ಮೇಲೆ ಗೌರಾಬಾಯಿ ಗಂಡನಿಗೆ ಫೋನು ಮಾಡಿ, "ಸಿಕ್ರರಿ. ಇವರಿಗೇ ಕೊಡ್ರಿ," ಎಂದಳು. ಆ ರಾತ್ರಿ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಹತ್ತಿತು.

ಗಣಪತಿ ಹಬ್ಬ ಬಂತು, ಹೋಯಿತು. ಕೊಕಟನೂರಿನಿಂದ ಸುದ್ದಿಯಿಲ್ಲ. ಕೊನೆಗೆ ಹಾಲೇಶ ಬಂದು ತಲೆ ಕೆರೆದುಕೊಂಡು ನಿಂತ. "ಅವರು ಒಲ್ಲೆ ಅಂತಾರ್ರಿ."

"ಯಾಕ? ರೇಟ್ ಹೆಚ್ಚಾತೇನು?" ರಾವಸಾಹೇಬರು ಕೇಳಿದರು.

"ರೇಟಿನ ಮಾತ ಇಲ್ರಿ. ಲಖನ ತಗೋತೀನಿ ಅಂತಾನ, ಮುದುಕಿ ಬಿಡವಲ್ಳು. ಬಸುರಿ ಸೊಸೀಗೆ ಹಸಿರ ಖಣ ಇಟ್ಟ ಉಡಿ ತುಂಬ್ಯಾರ, ಅಂದ್ರ ತವರವ್ರ ಮಾಡೂ ಕುಬಸ ಮಾಡಿದಂಗ ಆತು. ಅದೀಗ ನಮ್ಮ ಸೊಸಿ ತವರಮನಿ. ತವರಮನಿ ಕೂಡ ವ್ಯಾಪಾರ ಮಾಡಾಕ ಬರಂಗಿಲ್ಲ, ಅಂತಾಳ್ರಿ."

ರಾವಸಾಹೇಬರು ಮೊದಲು ಜೋರಾಗಿ ನಕ್ಕರು. ಆಮೇಲೆ ನಗು ನಿಂತಿತು. "ಗೌರಾ, ಹಾವಂತ ಹೇಳಿ ಓಡಿಸಿದಿ, ಬಾವಿ ಅಂತ ಹೇಳಿ ಓಡಿಸಿದಿ. ಈಗ ಬೇಕಾದವ್ರನ್ನ ಉಡಿ ತುಂಬಿ ಓಡಿಸಿದ್ಯಲ್ಲ! ಟ್ರಂಕಿನಾಗ ಬ್ಯಾರೆ ಖಣ ಇರಲಿಲ್ಲೇನು?"

ಇತ್ತು. ಕೆಂಪು ಖಣ ಮೇಲೇ ಇತ್ತು. ಮನೆಗೆ ಬಂದ ಯಾವ ಮುತ್ತೈದೆಗೂ ಕೆಂಪೋ ಹಳದಿಯೋ ಇಟ್ಟು ಉಡಿ ತುಂಬಬಹುದು. ಅದು ಬರೀ ಮರ್ಯಾದೆ. ಬಸುರಿಗೆ ಹಸಿರು ಇಡುವ ಹಕ್ಕು ತಾಯಿಯದು. ಇದು ಗೌರಾಬಾಯಿಗೆ ಗೊತ್ತಿರಲಿಲ್ಲವೆಂದರೆ ಅವಳನ್ನು ಹಡೆದವಳಿಗೆ ಅವಮಾನ. ಭಾಗ್ಯಾ ಬಾಗಲು ತ್ರಾಸುಪಟ್ಟಾಗಲೇ ಬಸುರಿಯೆಂದೂ ಗೊತ್ತಾಗಿತ್ತು. ಆವತ್ತು ಅವಳ ಕೈ ಕೆಂಪನ್ನು ಸರಿಸಿ ಕೆಳಗಿನ ಹಸಿರನ್ನು ತೆಗೆದುಕೊಂಡಿತ್ತು. ಯಾಕೆ ತೆಗೆದುಕೊಂಡಿತೆಂದು ಅವಳು ಕೈಯನ್ನು ಕೇಳಿರಲಿಲ್ಲ.

"ನಾ ಹೋಗಿ ಮಾತಾಡ್ತೀನಿ," ಎಂದಳು.

"ಹೋಗು. ದಸರಾ ಬಂತು, ನೆನಪಿಟ್ಕೋ."

ಸತ್ತೆವ್ವನ ಮನೆ ಗುಡ್ಡದ ಬಗಲಲ್ಲಿತ್ತು. ಎರಡು ಕೋಣೆ, ಮುಂದೆ ಆಡು ಕುರಿಗಳ ಹಟ್ಟಿ, ಸುತ್ತ ನಾಲ್ಕೆಕರೆ ಬಟಾಬಯಲು. ಕಣ್ಣು ಹಾಯಿಸಿದಷ್ಟೂ ಒಂದು ಹಸಿರು ಕಡ್ಡಿಯಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಇಲ್ಲಿ ಮುಟ್ಟಲು ಏನೂ ಉಳಿದಿರಲಿಲ್ಲ. ಸತ್ತೆವ್ವ ಕಂಬಳಿ ಹಾಸಿ ಕೂಡಿಸಿದಳು. ಭಾಗ್ಯಾ ನೀರು ತಂದಿಟ್ಟು, ಚಹಾ ಮಾಡಲು ಒಳಗೆ ಹೋದಳು. ಹೊಟ್ಟೆ ಈಗ ಚೆನ್ನಾಗಿ ಕಾಣುತ್ತಿತ್ತು. ಆ ಹಸಿರು ಖಣವನ್ನೇ ರವಿಕೆ ಹೊಲಿಸಿಕೊಂಡು ತೊಟ್ಟಿದ್ದಳು.

"ಸತ್ತೆವ್ವಾ, ನಿಂದ ತಪ್ಪಲ್ಲ," ಗೌರಾಬಾಯಿ ಶುರುಮಾಡಿದಳು. "ಆದ್ರ ಒಂದ ಮಾತ ಕೇಳು. ನೀವು ತಗೊಳ್ಳಿಲ್ಲಾಂದ್ರ ಅದು ಧಾಬಾದವನ ಪಾಲಾಕ್ಕತಿ. ಮಾವಿನ ಗಿಡ ಬಿಟ್ರ ಬ್ಯಾರೆ ಒಂದೂ ಉಳಿಯಂಗಿಲ್ಲ. ನಲವತ್ತ ವರ್ಷದ ನನ್ನ ಜೀವ ಅಲ್ಲಿ ಐತಿ."

"ನನಗ ಗೊತ್ತಾಗಂಗಿಲ್ಲೇನ್ರಿ ಬಾಯಾರ? ನನಗೂ ಕರುಳ ಐತಿ. ಆದ್ರ ಕೇಳ್ರಿ." ಸತ್ತೆವ್ವ ದನಿ ತಗ್ಗಿಸಿದಳು. "ಈ ಪೋರಿಗೆ ತಾಯಿ ಇಲ್ಲ. ಅವರಪ್ಪ ವರ್ಷದಾಗ ಹತ್ತ ತಿಂಗಳ ಕುರಿ ಹಿಂದ ಪಂಢರಪುರದ ಕಡೆ ಇರ್ತಾನ. ಬಸುರಾದಾಗಿಂದ ಒಂದ ಚಿಂತಿ ನನಗ, ಕುಬಸ ತರಾಕ ಯಾರ ಬರ್ತಾರ ಅಂತ. ಅತ್ತಿ ನಾನ ಮಾಡ್ಲೇನು? ತವರಿನ ಕುಬಸ ಅತ್ತಿ ಮಾಡಿದ್ರ ಊರು ನಗತೈತಿ. ನೀವ ಕರದ ಕೂಡಿಸಿ ಹಸಿರ ಇಟ್ರಿ. ಅವತ್ತಿಂದ ಊರ ತುಂಬ ಹೇಳಿಕೊಂಡ ಅಡ್ಡಾಡಾಕತ್ಯಾಳ, ನಮ್ಮ ತವರ ಅಥಣ್ಯಾಗ ಐತಿ ಅಂತ. ತವರಿಗೆ ರೊಕ್ಕ ಎಣಿಸಿ ಕೊಟ್ಟು, ಇಕಾ ಈ ಮನಿ ಬಿಡ್ರಿ ಅಂತ ಹೆಂಗ ಹೇಳೂದು? ನೀವ ಹೇಳ್ರಿ."

ತಾನೇ ಸತ್ತೆವ್ವನ ಜಾಗದಲ್ಲಿದ್ದರೂ ಇದನ್ನೇ ಹೇಳುತ್ತಿದ್ದೆನೆಂದು ಗೌರಾಬಾಯಿಗೆ ಒಳಗೇ ಗೊತ್ತಿತ್ತು.

"ಒಂದ ದಾರಿ ಐತಿ," ಎಂದಳು ಸತ್ತೆವ್ವ. "ಈಗ ಚಾ ತರ್ತಾಳ. ಆಕಿ ಮುಂದ ನೀವ ಒಂದ ಮಾತ ಹೇಳ್ರಿ. ಅವತ್ತ ಬರೇ ಪದ್ಧತಿಗೆ ಉಡಿ ತುಂಬಿದ್ದವ್ವ, ಕೈಗೆ ಹಸಿರ ಸಿಕ್ತು ಇಟ್ಟೆ, ಮಗಳೂ ಅಲ್ಲ ತವರೂ ಅಲ್ಲ, ಅಂತ. ಹೇಳಿದ್ರ ನಾಳೆನ ಲಖನ್ನ ಕಳಸ್ತೀನಿ. ತ್ವಾಟದ ಒಂದ ಎಲಿ ಮುಟ್ಟಲಾರದಂಗ ನಾ ಕಾಯ್ತೀನಿ, ಯಲ್ಲಮ್ಮನ ಆಣಿ."

ಎಂಥ ಸಣ್ಣ ಮಾತು! ಹೇಳಿಬಿಟ್ಟರೆ ಪಾರಿಜಾತ ಉಳಿಯುತ್ತದೆ, ಅಬ್ಬಲಿ ಉಳಿಯುತ್ತದೆ, ಅತ್ತೆ ಗಾಡಿ ಸರಿಸಿ ಕೊಟ್ಟ ಜಾಗ ಹಾಗೇ ಉಳಿಯುತ್ತದೆ. ಅದರಲ್ಲಿ ಅರ್ಧ ನಿಜವೂ ಹೌದು. ಪದ್ಧತಿ ಇಲ್ಲದಿದ್ದರೆ ಉಡಿ ತುಂಬುತ್ತಲೇ ಇರಲಿಲ್ಲ. ಗೌರಾಬಾಯಿ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಳು. ನಾಗರಹಾವನ್ನೇ ಹುಟ್ಟಿಸಿದ ಬಾಯಿಗೆ ಇದೇನು ದೊಡ್ಡದು?

ಭಾಗ್ಯಾ ಚಹಾ ತಂದು ಮುಂದಿಟ್ಟಳು. ಇಟ್ಟವಳು ಅಲ್ಲಿಯೇ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಅವಳಿಗೆ ಎಲ್ಲವೂ ಕೇಳಿಸಿತ್ತು. ಎರಡು ಕೋಣೆಯ ಮನೆಯಲ್ಲಿ ಗುಟ್ಟು ಎಲ್ಲಿಂದ ಬರಬೇಕು? ಮುಖ ಬಾಡಿತ್ತು. ಆದರೂ, ಹೇಳಿಬಿಡಿ, ನನಗೇನೂ ಅನ್ನಿಸುವುದಿಲ್ಲ ಎನ್ನುವಂತೆ ನಗಲು ನೋಡುತ್ತಿದ್ದಳು. ಮದುವೆಯ ಪಂಕ್ತಿಯಲ್ಲಿ ತವರು ಮಾರಿಹೋದ ಸುದ್ದಿ ಕೇಳಿದಾಗ ಗೌರಾಬಾಯಿಯೂ ಹೀಗೇ ನಗಲು ನೋಡಿದ್ದಳು. ಎಲೆಯಲ್ಲಿ ಬಡಿಸಿದ್ದ ಬುಂದಿ ನೋಡುತ್ತ, "ಮಾರಿದ್ರಂತ? ಮಾರ್ಲಿ ಬಿಡ್ರಿ," ಅಂದಿದ್ದಳು.

ಗೌರಾಬಾಯಿ ಕಪ್ಪು ಎತ್ತಿಕೊಂಡಳು. ತುಟಿಯವರೆಗೂ ತಂದಳು. ಆಮೇಲೆ ಒಂದು ಗುಟುಕೂ ಕುಡಿಯದೆ ಕೆಳಗಿಟ್ಟಳು.

"ಯಾಕ್ರಿ ಬಾಯಾರ, ಸಕ್ರಿ ಕಡಿಮಿ ಆತೇನು?"

"ಸಕ್ರಿ ಬರೋಬ್ಬರಿ ಐತಿ," ಎಂದಳು ಗೌರಾಬಾಯಿ. "ಮಗಳ ಕೈಯಾಗ ಕೂಸು ಬರೂತನಾ ಮಗಳ ಮನ್ಯಾಗ ತಾಯಿ ನೀರ ಕುಡೀಬಾರ್ದಂತ. ನಮ್ಮವ್ವ ನಮ್ಮ ಮನೀಗೆ ಬಂದಾಗ ಕುಡೀತಿರಲಿಲ್ಲ."

ಸತ್ತೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಂಗಾರ ಬಿಡ್ರಿ ಬೀಗತಿ, ಚಾ ನಾ ಕುಡೀತೀನಿ, ಹಾಲು ಸುಮ್ನ ಯಾಕ ಹಾಳ ಮಾಡೂದು," ಎಂದು ಕಪ್ಪು ತನ್ನ ಕಡೆಗೆ ಎಳೆದುಕೊಂಡಳು. ಭಾಗ್ಯಾ ಒಳಗೆ ಓಡಿಹೋಗಿದ್ದಳು.

ತಿರುಗಿ ಬರುವ ದಾರಿಯುದ್ದಕ್ಕೂ ಗೌರಾಬಾಯಿ ಬಸ್ಸಿನ ಕಿಟಕಿಗೆ ತಲೆಯಿಟ್ಟು ಅತ್ತಳು. ತೋಟ ಹೋಯಿತೆಂದು ಅತ್ತಳೋ, ಮಗಳು ಸಿಕ್ಕಳೆಂದು ಅತ್ತಳೋ, ಬಿಡಿಸಿ ಹೇಳುವುದು ಅವಳಿಂದಲೂ ಆಗುತ್ತಿರಲಿಲ್ಲ.

ಮನೆಗೆ ಬಂದವಳು ಗಂಡನಿಗೆ ಎಲ್ಲ ಹೇಳಿ, "ಅಮೋಲಗ ಕೊಟ್ಟಬಿಡ್ರಿ," ಎಂದಳು. ರಾವಸಾಹೇಬರು ಹೆಂಡತಿಯ ಮುಖವನ್ನೇ ನೋಡುತ್ತ ಕೂತರು. ಎದ್ದು ಕಟ್ಟೆಯ ಈ ತುದಿಯಿಂದ ಆ ತುದಿಗೆ ಎರಡು ಸಲ ಅಡ್ಡಾಡಿದರು.

"ಅಲ್ಲ ಗೌರಾ," ಎಂದರು ಕೊನೆಗೆ, ಸಿಟ್ಟಿನವರ ಹಾಗೆ. "ಮಗಳು ಅಂದಿ, ಕುಬಸಾ ಮಾಡಿದಿ. ಬಳುವಳಿ ಏನ ಕೊಟ್ಟಿ?"

"ಏನ್ರಿ?"

"ತವರವ್ರು ಮಗಳಿಗೆ ಮಾರಬಾರದ, ಹೌದ. ಕೊಡಬಾರದಂತ ಎಲ್ಲಿ ಐತಿ? ಮನಿ ಕೊಡಾಕ ಆಗಂಗಿಲ್ಲ, ಶೆಡ್ಡಿಗೆ ಬೇಕು. ಗಿಡ ಕೊಡಾಕ ನಿನಗ ಯಾರ ಬ್ಯಾಡ ಅಂದ್ರು? ಅಮೋಲಗರ ಅವು ಬೇಕಾಗಿಲ್ಲ. ಅಳಿಯಾನ ಹಂತೇಕ ಜೆಸಿಬಿ ಐತಿ."

ಗೌರಾಬಾಯಿ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಇಷ್ಟು ವರ್ಷ ಬಾಳುವೆ ಮಾಡಿ ಈ ಮನುಷ್ಯನ ತಲೆಯಲ್ಲಿ ದ್ರಾಕ್ಷಿಯೊಂದೇ ಇದೆಯೆಂದು ತಿಳಿದಿದ್ದು ಅವಳ ತಪ್ಪು.

ಸತ್ತೆವ್ವನಿಗೆ ಹೇಳಿಕಳಿಸಿದಾಗ ಆಕೆ ಮೂಗಿನ ಮೇಲೆ ಬೆರಳಿಟ್ಟುಕೊಂಡು, "ತವರಿಂದ ಬಂದದ್ದನ್ನ ಒಲ್ಲೆ ಅನ್ನಾಕ ನಾ ಯಾರವ್ವ? ಬರ್ಲಿ," ಎಂದಳಂತೆ. ಅಂದವಳೇ ಮಗನ ಬೆನ್ನು ಬಿದ್ದು ಮನೆಯ ಸುತ್ತ ತಂತಿ ಬೇಲಿ ಹಾಕಿಸಿದಳು. ಹುಟ್ಟಿದಾಗಿನಿಂದ ಆಡು ಕಾಯ್ದವಳು ಈಗ ಆಡಿನಿಂದ ಗಿಡ ಕಾಯಬೇಕಾದ ಸಂಗತಿಗೆ ಊರವರು ಬಿದ್ದು ಬಿದ್ದು ನಕ್ಕರು. ಅಮೋಲನಂತೂ, "ಕಾಕೂ, ಸಾಫ್ ಮಾಡೂ ಖರ್ಚ ನಂದ ಉಳೀತು," ಎಂದು ಎರಡು ಕೆಜಿ ಪೇಢೆ ತಂದುಕೊಟ್ಟ.

ದಸರೆ ಮುಗಿದ ವಾರ ಕೆಲಸ ನಡೆಯಿತು. ಮೊದಲು ಕೊಂಬೆ ಸವರಿ, ಬುಡಕ್ಕೆ ನೀರು ಬಿಟ್ಟು ನೆಲ ನೆನೆಸಿದರು. ದಿನವೂ ಕೆಡವುವ ಲಖನ ಆ ಎರಡು ದಿನ ಜೆಸಿಬಿಯ ಹಲ್ಲನ್ನು ಎಷ್ಟು ಹಗುರ ಇಳಿಸಿದನೆಂದರೆ, ನೋಡುತ್ತ ನಿಂತ ರಾವಸಾಹೇಬರು ಬೀಡಿ ಹಚ್ಚುವುದನ್ನೇ ಮರೆತರು. ಪಾರಿಜಾತ ಮಣ್ಣಿನ ಹೆಂಟೆಯ ಸಮೇತ ಮೇಲೆದ್ದಿತು. ಲಿಂಬೆ ಎದ್ದಿತು. ಎಳೆಯ ಚಿಕ್ಕು, ಪೇರಲ, ಮಲ್ಲಿಗೆ, ಅಬ್ಬಲಿಗೆಯ ಕಂಟಿಗಳು. ಎಲೆಬಳ್ಳಿಯನ್ನು ಮಾತ್ರ ಗೌರಾಬಾಯಿ ಯಾರ ಕೈಗೂ ಕೊಡದೆ ತಾನೇ ಬರಿಗಾಲಲ್ಲಿ ನಿಂತು ತುಂಡು ಮಾಡಿ, ಗೋಣಿಚೀಲದಲ್ಲಿ ಸುತ್ತಿದಳು. ದೊಡ್ಡ ಚಿಕ್ಕು ಬರಲಿಲ್ಲ. ಮಾವಂತೂ ಬರುವ ಮಾತೇ ಇರಲಿಲ್ಲ. ಅದರ ಬೊಡ್ಡೆಗೆ ಕೈಯಿಟ್ಟು ಆಕೆ ಬಹಳ ಹೊತ್ತು ನಿಂತಳು; ಪಂಚಮಿಯಲ್ಲಿ ಜೀಕಿದ ಹೆಂಗಸರ ಹೆಸರುಗಳನ್ನು ಒಬ್ಬೊಬ್ಬರಾಗಿ ನೆನೆದಳು. ಟ್ರ್ಯಾಲಿಗಳು ಹೊರಟಾಗ ತೋಟದ ತುಂಬ ಕುಣಿಗಳು ಉಳಿದವು. ಆಕೆ ತಿರುಗಿ ನೋಡಲಿಲ್ಲ. ಮಗಳನ್ನು ಕಳಿಸುವಾಗ ತಾಯಿ ಗಟ್ಟಿ ಇರಬೇಕೆಂದು ಹೇಳುತ್ತಾರೆ.

ತೆಲಸಂಗಕ್ಕೆ ಬಂದ ಮೇಲೆ ಅವಳಿಗೆ ಎದ್ದರೂ ಕೂತರೂ ಕೈ ಖಾಲಿ ಅನ್ನಿಸುತ್ತಿತ್ತು. ಬೆಳಿಗ್ಗೆ ಎದ್ದು ಹೊರಗೆ ಬಂದರೆ ಸಾಲಾಗಿ ದ್ರಾಕ್ಷಿ, ದ್ರಾಕ್ಷಿ, ದ್ರಾಕ್ಷಿ. ಮೊಮ್ಮಕ್ಕಳು ಸಾಲೆಗೆ ಹೋದ ಮೇಲೆ ಕಟ್ಟೆಯಿಲ್ಲದ ಆ ಮನೆಯ ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತಿದ್ದಳು. ಹೋದದ್ದು ಹೋಯಿತು, ಎಷ್ಟು ಗಿಡ ಬದುಕುತ್ತವೋ ಎಷ್ಟು ಸಾಯುತ್ತವೋ, ಕೇಳಲು ಭಯ.

ಒಂದು ಮುಂಜಾನೆ ಹಾಗೆ ಕೂತಿದ್ದಾಗ ಫೋನು ಬಂತು. ರಾವಸಾಹೇಬರು ಎತ್ತಿ, ಸ್ಪೀಕರ್ ಹಚ್ಚಿ ಅವಳ ಮುಂದೆ ಹಿಡಿದರು.

"ಅವ್ವಾ!" ಭಾಗ್ಯಾಳ ದನಿ ಗಾಬರಿಯಲ್ಲಿತ್ತು. "ಅವ್ವಾ, ಲಿಂಬಿ ಎಲಿ ಎಲ್ಲಾ ಉದರಾಕತ್ತಾವಬೇ. ಏನ ಮಾಡ್ಲಿ?"

ಗೌರಾಬಾಯಿ ಫೋನನ್ನೇ ನೋಡಿದಳು. ಮಗ, ಸೊಸೆ, ಮೊಮ್ಮಕ್ಕಳು, ಎಲ್ಲರೂ ಅವಳನ್ನು 'ಆಯಿ' ಎನ್ನುವವರು. ಈ ಶಬ್ದದಿಂದ ಅವಳನ್ನು ಈವರೆಗೆ ಯಾರೂ ಕರೆದಿರಲಿಲ್ಲ. ಹೆಂಡತಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಿದ್ದನ್ನು ನೋಡಿ ರಾವಸಾಹೇಬರು ತಾವೇ ಮುಂದಾಗಿ, "ಏನಿಲ್ಲ ಭಾಗ್ಯಾ, ಡ್ರಿಪ್ ಹಾಕಸು. ಮ್ಯಾಲ ಒಂದ ಔಷಧ ಹೊಡಸು. ದ್ರಾಕ್ಷಿಗೆ ಹೊಡೀತೀವಲ್ಲ, ಅದ," ಎಂದರು.

ಗೌರಾಬಾಯಿ ಫೋನನ್ನು ಅವರ ಕೈಯಿಂದ ಕಸಿದುಕೊಂಡಳು.

"ಅವರ ಮಾತ ಕೇಳಬ್ಯಾಡ, ಮಗಳ! ಔಷಧಾ ಹೊಡದ ಕೊಂದಗಿಂದೀ. ಜಾಗಾ ಬದಲಾದ್ರ ಲಿಂಬಿ ಎಲಿ ಉದರತಾವು, ಹೆದರಬಾರದು. ಚಿಗುರು ಬರತೈತಿ. ಈಗ ಏನ ಮಾಡಂದ್ರ, ಬುಡಕ ನೆಳ್ಳ ಮಾಡು. ಕೇಳಾಕತ್ತೀಯಿಲ್ಲೋ? ನೀ ಬಗ್ಗಬ್ಯಾಡ ಮತ್ತ, ದಿನಾ ತುಂಬ್ಯಾವ. ಸತ್ತೆವ್ವಗ ಹೇಳು. ನಿಂದ್ರು, ನಾನ ಬರ್ತೀನಿ. ಹನ್ನೊಂದರ ಬಸ್ಸಿಗೆ ಬರ್ತೀನಿ."